ಕೇಳದೆ ತೆಗೆದದ್ದು

ಡಾಕ್ಟ್ರು ಗೋಡೆಯ ಮೇಲಿನ ಚೌಕಟ್ಟಿಗೆ ಮುಚ್ಚಿದ್ದ ಬಟ್ಟೆ ಸರಿಸಿದ ಕೂಡಲೇ ಹೆಂಗಸರೆಲ್ಲ ಒಟ್ಟಿಗೆ "ಓ" ಎಂದರು. ಅದರಲ್ಲಿರುವುದು ತಾನೇ ಎಂದು ತಿಳಿಯಲು, ಆ ಕೊಯ್ಲಿನ ಹೆಂಗಸರ ಮೇಸ್ತ್ರಿಗೆ ಮಾತ್ರ ಒಂದು ಗಳಿಗೆ ಹಿಡಿಯಿತು. ಮೊದಲು ಗುರುತು ಸಿಕ್ಕಿದ್ದು ಮುಖದಿಂದಲ್ಲ, ಹೆಗಲಚೀಲದಿಂದ. ಹಣ್ಣು ಕೀಳುವಾಗ ಹಾಕಿಕೊಳ್ಳುವ ಆ ಚೀಲದ ಪಟ್ಟಿ ಹರಿದುಹೋದಾಗ ಅವಳೇ ಹಳೆಯ ಕಾರಿನ ಸೀಟ್ ಬೆಲ್ಟು ಕತ್ತರಿಸಿ ಹೊಲಿದಿದ್ದಳು. ಅಂಥ ಚೀಲ ತೋಟದಲ್ಲಿ ಇನ್ನೊಂದಿರಲಿಲ್ಲ.

ಚಿತ್ರದಲ್ಲಿ ಅವಳು ಕಲ್ಲುಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ತಲೆ ಹಿಂದಕ್ಕೆ ವಾಲಿತ್ತು, ಕಣ್ಣು ಮುಚ್ಚಿತ್ತು, ಬಾಯಿ ಅಗಲಕ್ಕೆ ತೆರೆದಿತ್ತು. ತಲೆಗೆ ಕಟ್ಟುವ ಬಟ್ಟೆ ಮುಷ್ಟಿಯಲ್ಲಿತ್ತು. ಅವಳ ನೆತ್ತಿಯಿಂದ ಎರಡು ಮೊಳ ದೂರಕ್ಕೆ, ಗೋಡೆಯ ಮೇಲೆ, ಬಾಯಲ್ಲಿ ಒಂದು ಸೇಬು ಕಚ್ಚಿಕೊಂಡ ನರಿ ನಿಂತು ಅವಳನ್ನೇ ನೋಡುತ್ತಿತ್ತು.

"ನೋಡಿ, ಎಷ್ಟು ಮನಸಾರೆ ನಗ್ತಿದಾರೆ ನಮ್ಮ ಮೇಸ್ತ್ರಿ!" ಎಂದರು ಡಾಕ್ಟ್ರು. ಅವರ ಮುಖ ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗಿತ್ತು. "ನರಿ ಪಕ್ಕದಲ್ಲೇ ಬಂದು ನಿಂತಿರೋದು ಗೊತ್ತೇ ಇಲ್ಲ ಅವರಿಗೆ. ಇಂಥದ್ದು ನೂರು ವರ್ಷ ಕಾದರೂ ಸಿಗಲ್ಲ. ವಾರಪತ್ರಿಕೆಯವರು ಸ್ಪರ್ಧೆ ಮಾಡಿದ್ರು, ಕಳಿಸಿದೆ. ಮೊದಲನೇ ಬಹುಮಾನ! 'ನೆರೆಹೊರೆ' ಅಂತ ಹೆಸರಿಟ್ಟಿದ್ದೆ."

ಹೆಂಗಸರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಹಿರಿಯಳಾದ ಗೊಣಗಜ್ಜಿ ಚಹಾದ ಲೋಟ ಕೆಳಗಿಟ್ಟು ಚೌಕಟ್ಟಿನ ಹತ್ತಿರಕ್ಕೇ ಹೋಗಿ ನೋಡಿದಳು. "ಹತ್ತು ವರ್ಷದಿಂದ ಇವಳ ಕೈ ಕೆಳಗೆ ದುಡೀತಿದೀನಿ. ಇವಳ ಬಾಯಲ್ಲಿ ಹಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಸ್ತ್ರಿಯ ನಾದಿನಿ ಒಬ್ಬಳು ನಗಲಿಲ್ಲ. ಅವಳ ಕಣ್ಣು ಚಿತ್ರದ ಕೆಳಗಿನ ಕಪ್ಪು ಪಟ್ಟಿಯ ಮೇಲಿತ್ತು. ಕ್ಯಾಮೆರಾ ತಾನಾಗಿ ಅಚ್ಚೊತ್ತಿದ ಬಿಳಿ ಅಂಕಿಗಳು ಅಲ್ಲಿದ್ದವು: ತಾರೀಖು, ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಅವತ್ತಿನ ಬಿಸಿಲೆಷ್ಟು ಎಂಬುದು. ಅವಳು ತಾರೀಖು ಓದಿದಳು. ಮತ್ತೆ ಚಿತ್ರ ನೋಡಿದಳು. ಆಮೇಲೆ ಮೆಲ್ಲಗೆ ಮೇಸ್ತ್ರಿಯ ಕಡೆ ತಿರುಗಿದಳು.

ಮೇಸ್ತ್ರಿ ಅವಳ ಕಣ್ಣು ತಪ್ಪಿಸಿದಳು.

ಡಾಕ್ಟ್ರು ಕೆಟ್ಟವರಲ್ಲ. ಮೂವತ್ತು ವರ್ಷ ಕಣ್ಣಿನ ಆಸ್ಪತ್ರೆಯಲ್ಲಿದ್ದು, ನಿವೃತ್ತಿಯಾದ ಮೇಲೆ, ಆರು ವರ್ಷದ ಹಿಂದೆ, ಈ ಸೇಬಿನ ತೋಟ ಕೊಂಡವರು. ಏಣಿಯಿಂದ ಯಾರಾದರೂ ಜಾರಿದರೆ ತಾವೇ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಗೊಣಗಜ್ಜಿಯ ಎರಡೂ ಕಣ್ಣಿನ ಪೊರೆ ತೆಗೆಸಿದವರು ಅವರೇ. ತೋಟಕ್ಕೆ ಬಂದ ಮೇಲೆ ಅವರಿಗೆ ಹತ್ತಿದ ಗೀಳೆಂದರೆ ಪ್ರಾಣಿಗಳ ಫೋಟೋ. ಎಲೆ ಉದುರುವ ಕಾಲಕ್ಕೆ, ಮರದ ಬುಡದಲ್ಲಿ ಹಣ್ಣು ಬಿದ್ದು ಕೊಳೆಯತೊಡಗಿದಾಗ, ಅದರ ವಾಸನೆಗೆ ಏನೇನೋ ಬರುತ್ತಿದ್ದವು. ಅವುಗಳಿಗಾಗಿ ಡಾಕ್ಟ್ರು ಎಂಟು ಟ್ರ್ಯಾಪ್ ಕ್ಯಾಮೆರಾ ತರಿಸಿ ಮರಗಳಿಗೆ ಕಟ್ಟಿದ್ದರು. ಇಟ್ಟಿಗೆಯಷ್ಟು ದೊಡ್ಡ ಡಬ್ಬಿ, ಮರದ ತೊಗಟೆಯದೇ ಬಣ್ಣ. ಬಿಸಿ ಮೈಯೊಂದು ಎದುರು ಹಾದರೆ ಸಾಕು, ಸದ್ದಿಲ್ಲದೆ ತಾನೇ ಮೂರು ಫೋಟೋ ತೆಗೆಯುತ್ತಿತ್ತು.

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವರು ಎಲ್ಲರನ್ನೂ ಮನೆಯೊಳಗೆ ಕರೆದಿದ್ದರು. ಕೆಸರಿನ ಬೂಟುಗಳನ್ನು ಜಗುಲಿಯಲ್ಲಿ ಸಾಲಾಗಿ ಬಿಟ್ಟು ಹೆಂಗಸರು ಒಳಗೆ ಬಂದು ಜಮಖಾನದ ಮೇಲೆ ಕೂತಿದ್ದರು. ಡಾಕ್ಟ್ರ ಹೆಂಡತಿ ಚಹಾ, ಬಿಸ್ಕತ್ತು ಕೊಟ್ಟಿದ್ದರು. ದೊಡ್ಡ ಟಿವಿಯಲ್ಲಿ ಒಂದೊಂದಾಗಿ ಬಂದವು: ಮುಳ್ಳು ಬಿಚ್ಚಿ ನಿಂತ ಮುಳ್ಳುಹಂದಿ, ಹಿಂಗಾಲ ಮೇಲೆ ನಿಂತು ಕೊಂಬೆಗೆ ಬಾಯಿ ಹಾಕಿದ ಜಿಂಕೆ, ಎರಡು ಮರಿಗಳ ಜೊತೆ ಕಾಡುಬೆಕ್ಕು. ತಾನು ದಿನವೂ ಏಣಿ ನಿಲ್ಲಿಸುವ ಜಾಗದಲ್ಲಿ, ತನ್ನ ಬೂಟಿನ ಗುರುತಿನ ಮೇಲೆಯೇ, ಅವು ಓಡಾಡಿದ್ದವು. ಮೇಸ್ತ್ರಿ ಕೂಡ ಕುತ್ತಿಗೆ ಚಾಚಿ ನೋಡಿದ್ದಳು. ಅದು ನೆನಪಾಗಿ ಈಗ ತನ್ನ ಮೇಲೇ ಸಿಟ್ಟು ಬಂತು.

"ಇದನ್ನ ಎಲ್ಲಿಂದ ತೆಗೆದ್ರಿ?" ಎಂದು ಕೇಳಿದಳು.

"ಕಲ್ಲುಗೋಡೆ ಹತ್ರ. ಗೋಡೆ ಒಡೆದಿದೆಯಲ್ಲ, ಅದರ ಆಚೆ ಎದುರಿಗಿರೋ ಮರಕ್ಕೆ ಒಂದು ಕಟ್ಟಿದೀನಿ. ನರಿಗಳ ಹೆದ್ದಾರಿ ಅದು!"

"ಯಾವಾಗಿಂದ ಇದೆ?"

"ಕೊಯ್ಲು ಶುರುವಾದಾಗಿನಿಂದ. ಆರೇಳು ವಾರ ಆಯ್ತೇನೋ."

ಮೊದಲು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬಳ ನಗು ಅರ್ಧಕ್ಕೇ ನಿಂತಿತು. ಅವಳ ಪಕ್ಕದವಳು ಚಹಾದ ಲೋಟವನ್ನು ನೆಲದ ಮೇಲಿಟ್ಟಳು. ತೋಟದಲ್ಲಿ ಕೆಲಸದವರಿಗೆ ಪಾಯಿಖಾನೆ ಇರಲಿಲ್ಲ. ಮೊದಲ ವರ್ಷದಿಂದಲೂ ಹೆಂಗಸರು ಹೋಗುತ್ತಿದ್ದದ್ದು ಅಲ್ಲಿಗೇ, ಗೋಡೆಯ ಒಡಕು ದಾಟಿ, ಪೊದೆಯ ಮರೆಗೆ.

"ಅಯ್ಯಯ್ಯೋ, ಅದೆಲ್ಲ ಏನಿಲ್ಲ," ಎಂದು ಡಾಕ್ಟ್ರು ಎರಡೂ ಕೈ ಎತ್ತಿದರು. ಕುತ್ತಿಗೆಯಿಂದ ಮೇಲೆ ಕೆಂಪಗಾಗಿದ್ದರು. "ಮನುಷ್ಯರು ಬಂದಿರೋದನ್ನ ನಾನು ನೋಡೋದೇ ಇಲ್ಲ. ಆ ಕ್ಷಣಕ್ಕೇ ತೆಗೆದುಹಾಕ್ತೀನಿ."

"ನೋಡದೆ, ಮನುಷ್ಯರು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

ಅವರು ಟಿವಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಸುಮ್ಮನೆ ಅತ್ತಿತ್ತ ಸರಿಸಿದರು.

"ತೆಗೆದುಹಾಕ್ತೀನಿ ಅಂದ್ರಿ. ಹಾಗಾದ್ರೆ ಇದು ಹೇಗೆ ಉಳೀತು?" ಮೇಸ್ತ್ರಿ ಗೋಡೆಯ ಕಡೆ ಕೈ ತೋರಿಸಲಿಲ್ಲ, ಗದ್ದ ಎತ್ತಿದಳು ಅಷ್ಟೇ.

"ಇದರಲ್ಲಿ ನರಿ ಇತ್ತು. ಅದಕ್ಕೆ. ಮೇಸ್ತ್ರಿಯವರೇ, ಇದರಲ್ಲಿ ತಪ್ಪಾಗಿ ಏನಿದೆ ಹೇಳಿ? ನೀವು ಆರಾಮಾಗಿ ಕೂತಿದೀರಿ, ನಗ್ತಿದೀರಿ. ನೋಡಿದೋರೆಲ್ಲ ಕೇಳಿದ್ರು, ಯಾರಪ್ಪಾ ಈ ಸುಖಿ ಹೆಂಗಸು ಅಂತ."

ಮೇಸ್ತ್ರಿಯ ಕೈಬೆರಳು ತಾವಾಗಿಯೇ ಮಡಚಿಕೊಂಡವು. ಸುಖಿ ಹೆಂಗಸು.

ಐದು ವಾರದ ಹಿಂದೆ, ಹನ್ನೊಂದೂವರೆಗೆ, ಅವಳು ಏಣಿಯ ಮೇಲಿದ್ದಾಗ ಗಂಡ ಫೋನು ಮಾಡಿದ್ದ. "ನಿಮ್ಮಕ್ಕ ಹೋದರಂತೆ ಕಣೇ," ಎಂದಿದ್ದ. ಅಮ್ಮನಿಲ್ಲದ ಮನೆಯಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಹದಿನೆಂಟು ವರ್ಷದ ಹಿಂದೆ ಮೇಸ್ತ್ರಿಯ ಒಂದೇ ಮಗು ಮೂರು ದಿನದ ಜ್ವರದಲ್ಲಿ ಹೋದಾಗ, ಬಾಗಿಲಲ್ಲಿ ನಿಂತು, ಎಲ್ಲರ ಎದುರು, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಉಳೀತಿತ್ತು" ಎಂದವಳು. ಅದೊಂದು ಮಾತು. ಅವತ್ತಿನಿಂದ ಇಬ್ಬರೂ ಒಬ್ಬರ ಹೊಸಿಲು ಒಬ್ಬರು ತುಳಿದಿರಲಿಲ್ಲ. "ನನ್ನ ಪಾಲಿಗೆ ಅವಳು ಯಾವತ್ತೋ ಸತ್ತಾಗಿದೆ. ನೀವು ಬೇಕಾದ್ರೆ ಹೋಗಿ," ಎಂದು ಫೋನಿಟ್ಟಿದ್ದಳು. ಯಾರ ಫೋನು ಎಂದು ಕೇಳಿದವರಿಗೆ "ಏನಿಲ್ಲ, ಕೆಲಸ ನೋಡಿ" ಎಂದಿದ್ದಳು. ಗೋಡೆಯ ಹಿಂದೆ ಹೋಗಿ ಬಂದು, ಸಂಜೆಯವರೆಗೂ ಹಣ್ಣು ಕಿತ್ತಿದ್ದಳು. ಗಂಡನೂ ನಾದಿನಿಯೂ ಮಣ್ಣಿಗೆ ಹೋಗಿ ಬಂದರು. ಅವಳು ಹೋಗಲಿಲ್ಲ. ಅವತ್ತಿನಿಂದ ಗಂಡ ಊಟಕ್ಕೆ ಕೂತಾಗ ಅವಳನ್ನು ಗುರುತಿಲ್ಲದವಳನ್ನು ನೋಡುವ ಹಾಗೆ ನೋಡುತ್ತಿದ್ದ. ನಾದಿನಿ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಇದನ್ನೆಲ್ಲ ಈ ಕೋಣೆಯಲ್ಲಿ ಹೇಳುವುದೇ? ನಾನು ನಗುತ್ತಿರಲಿಲ್ಲ ಎಂದು ಹದಿಮೂರು ಜನರ ಎದುರು, ಬಿಸ್ಕತ್ತಿನ ತಟ್ಟೆಯ ಎದುರು? ಹೇಳದಿದ್ದರೆ ಅದು ನಗುವೇ ಆಗಿ ಉಳಿಯುತ್ತಿತ್ತು. ಹೇಳಿದರೆ, ಹದಿನೆಂಟು ವರ್ಷ ಅವಳು ಹಿಡಿದು ನಿಲ್ಲಿಸಿದ್ದೆಲ್ಲ ಕುಸಿಯುತ್ತಿತ್ತು. ಎರಡರಲ್ಲೂ ಕಳೆದುಕೊಳ್ಳುವವಳು ತಾನೇ ಎನ್ನುವುದು ಸ್ಪಷ್ಟವಾದಾಗ ಅವಳ ಸಿಟ್ಟು ಎಷ್ಟು ಗಟ್ಟಿಯಾಯಿತೆಂದರೆ, ಧ್ವನಿ ಏರಲೇ ಇಲ್ಲ.

"ಎಲ್ಲ ಫೋಟೋ ತೋರಿಸಿ," ಎಂದಳು. "ಆ ಡಬ್ಬಿ ತೆಗೆದಿರೋದು ಒಂದೂ ಬಿಡದೆ."

"ಎಲ್ಲ ಅಂದ್ರೆ ನಾಲ್ಕು ಸಾವಿರ ಇದಾವೆ. ಅರ್ಧಕ್ಕರ್ಧ ಗಾಳಿಗೆ ಅಲ್ಲಾಡಿದ ಎಲೆ…"

"ಎಲೇನೂ ನೋಡ್ತೀವಿ. ನೋಡೋವರೆಗೂ ಇವರಲ್ಲಿ ಒಬ್ಬರೂ ಏಣಿ ಹತ್ತಲ್ಲ. ತಡವಾಗಿ ಹಣ್ಣಾಗೋ ಮೂರು ಸಾಲು ಇನ್ನೂ ಮರದ ಮೇಲೇ ಇದೆ. ಹಿಮ ಯಾವತ್ತು ಬೀಳುತ್ತೋ ನಿಮಗೇ ಗೊತ್ತು."

"ಸಾಕು ಬಿಡೇ," ಎಂದಳು ಗೊಣಗಜ್ಜಿ. ಅವಳಿಗೆ ಡಾಕ್ಟ್ರನ್ನು ನೋಡಿ ಕರುಳು ಚುರುಕ್ ಎಂದಿತ್ತು. "ನನಗೆ ಕಣ್ಣು ಕೊಟ್ಟ ಮನುಷ್ಯ ಅವರು. ಅಂಥೋರಲ್ಲ."

"ಅಂಥೋರು ಅಂತ ನಾನೂ ಹೇಳ್ತಿಲ್ಲ ಅಜ್ಜಿ. ತೋರಿಸಲಿ ಅಂತಿದೀನಿ."

ಆಗ ಡಾಕ್ಟ್ರ ಹೆಂಡತಿ ಕದಲಿದರು. ಅಲ್ಲಿಯವರೆಗೂ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಬಂದು ಟಿವಿಯ ತಂತಿ ಕಿತ್ತರು. ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. "ನೀವು ಏಳಿ," ಎಂದರು ಗಂಡನಿಗೆ. "ಕಿಟಕಿ ಹತ್ರ ಹೋಗಿ ಆ ಕಡೆ ಮುಖ ಮಾಡಿ ನಿಂತ್ಕೊಳ್ಳಿ."

ಡಾಕ್ಟ್ರು ಹೋಗಿ ನಿಂತರು. ತಮ್ಮದೇ ಮನೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ, ಕೈ ಹಿಂದೆ ಕಟ್ಟಿಕೊಂಡು.

ಎಲೆಗಳು ಬಂದವು. ಎಲೆ, ಎಲೆ, ಒಂದು ಮೊಲ, ಎಲೆ. ಗೋಡೆಯ ಮೇಲೆ ಗೂಬೆ. ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದವೂರಿ ಸಣ್ಣ ಪರದೆ ನೋಡಿದರು. ಅರ್ಧ ಗಂಟೆಯಾದರೂ ಮನುಷ್ಯರು ಕಾಣಲಿಲ್ಲ. ಡಾಕ್ಟ್ರು ಹೇಳಿದ್ದು ನಿಜವಿರಬಹುದು ಎನ್ನಿಸತೊಡಗಿತು. ಅಷ್ಟರಲ್ಲಿ ಹೆಂಡತಿಯ ಬೆರಳು ನಿಂತಿತು. ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಇತ್ತು. 'ಬೇಡದ್ದು' ಎಂದು ಹೆಸರು.

"ಇದೇನು?" ಎಂದರು ಅವರು, ತಿರುಗದೆ.

"ಅದು… ಅಳಿಸಬೇಕು ಅಂತ ಒಂದು ಕಡೆ ಹಾಕಿದ್ದು," ಎಂದರು ಡಾಕ್ಟ್ರು ಕಿಟಕಿಗೆ. "ಒಟ್ಟಿಗೆ ಅಳಿಸೋಣ ಅಂತ. ಮರೆತೇಹೋಯ್ತು."

ಅದರಲ್ಲಿ ಮುನ್ನೂರಕ್ಕೂ ಮೇಲಿದ್ದವು. ಹೆಚ್ಚಿನವುಗಳಲ್ಲಿ ಏನೂ ಇರಲಿಲ್ಲ: ಒಡಕು ದಾಟುವ ಬೆನ್ನು, ಬೂಟು, ಹಾರುವ ತಲೆವಸ್ತ್ರ. ಕೆಲವುಗಳಲ್ಲಿ ಬಟ್ಟೆ ಸರಿಮಾಡಿಕೊಳ್ಳುವ ಕೈಗಳಿದ್ದವು. ಒಂದರಲ್ಲಿ, ಪೊದೆಯವರೆಗೂ ಹೋಗಲು ಮಂಡಿ ಬಿಡದೆ, ಒಡಕು ದಾಟಿದ ಕೂಡಲೇ ಗೋಡೆಯ ಬುಡದಲ್ಲೇ ಕುಕ್ಕರಿಸಿದ ಗೊಣಗಜ್ಜಿ ಇದ್ದಳು.

ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದಳು. ಸಾವಕಾಶವಾಗಿ, ತುದಿಯಿಂದ ತುದಿಗೆ ನೋಡಿದಳು. ಸೊಂಟ ಹಿಡಿದುಕೊಂಡು ನೆಟ್ಟಗಾದಳು.

"ಡಾಕ್ಟ್ರೇ," ಎಂದು ಕಿಟಕಿಯ ಕಡೆ ಕೂಗಿದಳು. "ನನ್ನ ಕಣ್ಣು ರಿಪೇರಿ ಮಾಡಿಸಿದ್ದು ಇದನ್ನ ನೋಡೋಕಾ? ಆ ಪೊರೆ ಎಲ್ಲಿಟ್ಟಿದೀರಿ ಹೇಳಿ, ವಾಪಸ್ ಹಾಕಿಬಿಡಿ!"

ಆಮೇಲೆ ಅವಳು ಬೈದದ್ದು ಯಾವ ಕಾಗದಕ್ಕೂ ಒಗ್ಗುವಂಥದ್ದಲ್ಲ. ಉಳಿದವರೂ ಸೇರಿಕೊಂಡರು. ಆರು ವಾರ ಅಪ್ಪಣೆ, ಆಯ್ತು, ಬಂದೆ ಎನ್ನುತ್ತಿದ್ದ ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಡಾಕ್ಟ್ರ ಹೆಂಡತಿ ಒಂದೊಂದನ್ನೂ ಆರಿಸಿ ಅಳಿಸುತ್ತ ಹೋದರು. ತಪ್ಪಾಯಿತು ಎಂದು ಅವರ ತುಟಿ ಅಲ್ಲಾಡುತ್ತಿತ್ತು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಆ ಫೋಲ್ಡರಿನ ಕೊನೆಗೆ ಮೇಸ್ತ್ರಿಯ ಚೀಲದ ಪಟ್ಟಿ ಕಂಡಿತು. ಅವಳು ಕೈ ಚಾಚಿ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು.

"ನೀವೆಲ್ಲ ಹೊರಗೆ ನಡೀರಿ," ಎಂದಳು ಹೆಂಗಸರಿಗೆ. "ನಿಮ್ಮದು ಮುಗೀತು. ಬೂಟು ಹಾಕ್ಕೊಳ್ಳಿ. ಬರ್ತೀನಿ."

ಅವಳ ಧ್ವನಿ ಕೇಳಿ ಯಾರೂ ಎದುರಾಡಲಿಲ್ಲ. ನಾದಿನಿ ಮಾತ್ರ ಬಾಗಿಲವರೆಗೂ ಹೋಗಿ, ಪರದೆ ಕಾಣುವ ಹಾಗೆ ಅಲ್ಲೇ ನಿಂತಳು. ಮೇಸ್ತ್ರಿ ಅವಳಿಗೆ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

"ಡಾಕ್ಟ್ರೇ, ಈ ಕಡೆ ತಿರುಗಿ. ಇದನ್ನ ನೀವು ನೋಡಿ."

"ಬೇಡ ಮೇಸ್ತ್ರಿಯವರೇ. ತಪ್ಪಾಯ್ತು. ನಾನೇ…"

"ಬಂದು ನೋಡಿ ಅಂದೆ."

ಅವರು ಬಂದು ಕನ್ನಡಕ ಏರಿಸಿಕೊಂಡು ಕೂತರು. ಮೇಸ್ತ್ರಿ ತಾನೇ ಗುಂಡಿ ಒತ್ತಿದಳು. ಹನ್ನೊಂದು ಮೂವತ್ತೇಳು: ಒಡಕಿನಲ್ಲಿ ಬರುತ್ತಿರುವ ಹೆಂಗಸು, ಒಂದು ಕೈ ಗೋಡೆಯ ಮೇಲೆ, ಕುರುಡರು ತಡವುವ ಹಾಗೆ. ಹನ್ನೊಂದು ಮೂವತ್ತೆಂಟು: ಮಂಡಿಯ ಮೇಲೆ. ಮೂವತ್ತೊಂಬತ್ತು: ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಾಳೆ. ನಲವತ್ತೊಂದು: ಹಣೆ ಕಲ್ಲಿಗೆ. ನಲವತ್ತೆರಡು: ನರಿ. ಅದೇ ನಿಮಿಷದ ಮುಂದಿನದರಲ್ಲಿ ನರಿಯಿಲ್ಲ, ಬಾಯಿ ಹಾಗೇ ತೆರೆದಿದೆ. ನಲವತ್ತೈದು. ಐವತ್ತು. ಮೂರು ಮೂರರಂತೆ ಬರುತ್ತಲೇ ಇದ್ದವು. ಮುಖ ಬಾತು, ಕೆಂಪಾಗಿ, ಯಾರದೋ ಮುಖದಂತಾಗಿತ್ತು. ಹನ್ನೆರಡು ಗಂಟೆ ಆರು ನಿಮಿಷ: ನೀರಿನ ಬಾಟಲಿಯಿಂದ ಮುಖ ತೊಳೆಯುತ್ತಿದ್ದಾಳೆ. ಹನ್ನೆರಡು ಎಂಟು: ನೆಟ್ಟಗೆ ನಿಂತು, ವಸ್ತ್ರ ಬಿಗಿದು ಕಟ್ಟಿ, ಎದುರಿಗೆ ಯಾರೂ ಇಲ್ಲದೆ, ಬಾಯಿ ಗಟ್ಟಿಯಾಗಿ ಮುಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ.

ಡಾಕ್ಟ್ರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದುಕೊಂಡರು.

"ನೀವು ನಗ್ತಿರಲಿಲ್ಲ," ಎಂದರು.

ಮೇಸ್ತ್ರಿ ತಾನೇ ಒಂದೊಂದನ್ನೂ ಅಳಿಸಿದಳು. ಹೇಗೆಂದು ಇಷ್ಟು ಹೊತ್ತು ನೋಡಿ ಕಲಿತಿದ್ದಳು.

"ಪತ್ರಿಕೆಯಿಂದ ವಾಪಸ್ ತರಿಸಿ."

"ಅಚ್ಚಾಗಿ ಹೋಗಿದೆ. ಹೋದ ವಾರವೇ ಅಂಗಡಿಗಳಿಗೆ ಹೋಗಿದೆ." ಅವರ ಧ್ವನಿ ಬಿದ್ದುಹೋಗಿತ್ತು. "ಅವರಿಗೆ ಬರೀತೀನಿ. ಮುಂದಿನ ಸಂಚಿಕೆಯಲ್ಲಿ ಹಾಕೋಕೆ ಹೇಳ್ತೀನಿ. ಆ ಹೆಂಗಸು ನಗ್ತಿರಲಿಲ್ಲ, ನಾನು ತಿಳಿಯದೆ…"

"ಬೇಡ!" ಮೇಸ್ತ್ರಿಯ ಅಂಗೈ ಮೇಜಿಗೆ ಬಡಿಯಿತು. ಬಿಸ್ಕತ್ತಿನ ತಟ್ಟೆ ಕುಣಿಯಿತು. "ಅದನ್ನ ಬರೀಬೇಡಿ. ನಾನು ನಕ್ಕೆನೋ ಅತ್ತೆನೋ ಅವರಿಗೆ ಯಾಕೆ? ನಿಮಗ್ಯಾಕೆ? ಕೇಳದೆ ತೆಗೆದದ್ದು ಅಂತ ಬರೀರಿ. ಕೇಳದೆ ಕಳಿಸಿದ್ದು ಅಂತ ಬರೀರಿ. ಅಷ್ಟೇ ಬರೀರಿ."

"ಆಯ್ತು," ಎಂದರು ಡಾಕ್ಟ್ರು.

"ಈಗಲೇ."

ಅವರು ಬರೆದರು. ಎರಡು ಸಾಲು. ಹೆಂಡತಿ ಅದನ್ನು ಗಟ್ಟಿಯಾಗಿ ಓದಿದರು. ಮೇಸ್ತ್ರಿ ತಲೆಯಾಡಿಸಿದ ಮೇಲೆ ಕಳಿಸಿದರು. ಆಮೇಲೆ ಹೆಂಡತಿ ಹಿತ್ತಲ ಕಡೆಯ ಬಚ್ಚಲುಮನೆಯ ಬೀಗದಕೈ ತಂದು ಮೇಸ್ತ್ರಿಯ ಎದುರು ಮೇಜಿನ ಮೇಲಿಟ್ಟರು. "ಪಾಯಿಖಾನೆ ಕಟ್ಟಿಸೋವರೆಗೆ ಇದು ನಿಮ್ಮದು. ನಾಳೆಯೇ ಗಾರೆಯವರನ್ನ ಕರೆಸ್ತೀನಿ. ಆರು ವರ್ಷದಿಂದ ನನಗೆ ಯಾಕೆ ಹೊಳೀಲಿಲ್ಲವೋ," ಎಂದರು. ಅವರನ್ನು ಸಮಾಧಾನಪಡಿಸುವ ಮನಸ್ಸು ಮೇಸ್ತ್ರಿಗೆ ಬರಲಿಲ್ಲ. ಬೀಗದಕೈ ತೆಗೆದುಕೊಂಡಳು.

"ನರಿ, ಜಿಂಕೆ, ಏನು ಬೇಕಾದ್ರೂ ತೆಗೀರಿ, ಬೇಡ ಅನ್ನಲ್ಲ," ಎಂದಳು ಬಾಗಿಲಲ್ಲಿ ನಿಂತು. "ಆದ್ರೆ ಎಲ್ಲೆಲ್ಲಿ ಕಟ್ಟಿದೀರಿ ಅಂತ ಶೆಡ್ಡಿನ ಗೋಡೆ ಮೇಲೆ ಬರೆದು ಹಾಕಿ. ಮತ್ತೆ ಅದನ್ನ ಇಳಿಸಿ."

ಡಾಕ್ಟ್ರು ಕುರ್ಚಿ ಎಳೆದುಕೊಂಡು ಹತ್ತಿ ಚೌಕಟ್ಟನ್ನು ಇಳಿಸಿದರು. ಎಲ್ಲಿಡುವುದೆಂದು ತೋಚದೆ ಅದನ್ನು ಎದೆಗವಚಿಕೊಂಡು ಕುರ್ಚಿಯ ಮೇಲೆಯೇ ನಿಂತಿದ್ದರು.

ಉಳಿದ ಹೊತ್ತಿನಲ್ಲಿ ಒಂದು ಸಾಲೂ ಮುಗಿಯಲಿಲ್ಲ. ಹೆಂಗಸರು ಏಣಿಗಳನ್ನು ಬೇಕೆಂತಲೇ ಸದ್ದು ಮಾಡುತ್ತ ಎಳೆದರು. ಯಾರೂ ಹಾಡಲಿಲ್ಲ. ಮೇಸ್ತ್ರಿ ಯಾರಿಗೂ ಬೇಗ ಬೇಗ ಎನ್ನಲಿಲ್ಲ. ಹಣ್ಣನ್ನು ತೊಟ್ಟು ಮುರಿಯದ ಹಾಗೆ ತಿರುಚಿ ಬಿಡಿಸುವ ಕೈಗೆ ಇವತ್ತು ಹದ ಸಿಗುತ್ತಿರಲಿಲ್ಲ, ಕೊಂಬೆಯೇ ಕಿತ್ತುಬರುತ್ತಿತ್ತು. ಕ್ಷೌರದಂಗಡಿಯಲ್ಲಿ, ದಂತವೈದ್ಯರ ಬೆಂಚಿನ ಮೇಲೆ, ಬಸ್ಸಿನ ಕಿಟಕಿಯ ಪಕ್ಕ, ಮುಖ ಗೊತ್ತಿಲ್ಲದ ಜನ ಪುಟ ತಿರುವಿ, ಆಹಾ ಎಷ್ಟು ಸುಖಿ ಎನ್ನುತ್ತಿರಬಹುದು. ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವ ಬಗೆ ಈ ಲೋಕದಲ್ಲಿ ಇರಲಿಲ್ಲ. ಅಕ್ಕನ ಮನೆಯವರೂ ನೋಡಿರಬಹುದು. ನೋಡಿ, ಅವಳು ಸತ್ತ ದಿನ ಇವಳು ಹೀಗೆ ನಕ್ಕಳು ಎಂದುಕೊಂಡಿರಬಹುದು. ಆ ಯೋಚನೆ ಬಂದಾಗಲೆಲ್ಲ ಅವಳು ಏಣಿಯನ್ನು ಇನ್ನೊಂದು ಮೆಟ್ಟಿಲು ಹತ್ತಿದಳು.

ಸಂಜೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಎಲ್ಲರೂ ಮನೆಗೆ ಹೊರಟರು. ಖಾಲಿ ಕ್ರೇಟುಗಳ ನಡುವೆ ಜಾಗ ಮಾಡಿಕೊಂಡು ಕೂತರು. ಗೊಣಗಜ್ಜಿ ಮಧ್ಯಾಹ್ನದ ಬೈಗುಳದಲ್ಲಿ ಬಿಟ್ಟುಹೋದದ್ದನ್ನೆಲ್ಲ ನೆನೆಸಿಕೊಂಡು ಈಗ ಬೈಯುತ್ತಿದ್ದಳು. ಒಬ್ಬಿಬ್ಬರು ನಕ್ಕರು. ಮೇಸ್ತ್ರಿ ಅಂಚಿನಲ್ಲಿ, ಕಾಲು ಇಳಿಬಿಟ್ಟು, ರಸ್ತೆ ಹಿಂದಕ್ಕೆ ಸರಿಯುವುದನ್ನು ನೋಡುತ್ತ ಕೂತಿದ್ದಳು. ಎರಡೂ ಕಡೆ ಮರಗಳು ಬೋಳಾಗುತ್ತಿದ್ದವು. ತಿರುವಿನಲ್ಲಿ ಬಯಲು ಶುರುವಾದದ್ದೇ ಗಾಳಿ ಒಂದೇ ಸಮನೆ ಪಕ್ಕದಿಂದ ಹೊಡೆಯತೊಡಗಿತು. ಅವಳು ಕುತ್ತಿಗೆ ಕುಗ್ಗಿಸಿದಳು.

ನಾದಿನಿ ಕ್ರೇಟುಗಳನ್ನು ದಾಟಿಕೊಂಡು, ಅವರಿವರ ಹೆಗಲು ಹಿಡಿದು ತೂರಾಡುತ್ತ, ಅಂಚಿಗೆ ಬಂದಳು.

"ಬೀಳ್ತೀಯ. ಸರಿಯಾಗಿ ಹಿಡ್ಕೋ," ಎಂದಳು ಮೇಸ್ತ್ರಿ, ತಿರುಗದೆ.

"ಹಿಡ್ಕೊಂಡಿದೀನಿ ಅತ್ತಿಗೆ," ಎಂದಳು ನಾದಿನಿ. ಏನನ್ನೂ ಕೇಳಲಿಲ್ಲ. ಮೇಸ್ತ್ರಿಯನ್ನು ದಾಟಿ, ಗಾಳಿ ಬರುತ್ತಿದ್ದ ಕಡೆಗೆ ಹೋಗಿ, ಅವಳಿಗೆ ಒತ್ತಿಕೊಂಡು ಕೂತಳು. ಅವಳ ತಲೆವಸ್ತ್ರ ಪಟಪಟನೆ ಹೊಡೆದುಕೊಳ್ಳತೊಡಗಿತು. ಅದನ್ನು ಒಂದು ಕೈಯಲ್ಲಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಟ್ರೈಲರಿನ ಕಂಬಿ ಹಿಡಿದು, ಊರಿನವರೆಗೂ ಹಾಗೆಯೇ ಕೂತಿದ್ದಳು.